ಕೀಲಿಯ ಮಾತು ಕೇಳುವ ವಿದ್ಯುತ್ತು



ಜರ್ಮನಿಯಲ್ಲಿ ಮೋಟರ್‌ಸೈಕಲ್ ಇಟ್ಟುಕೊಂಡವರಿಗೆ ಮಾರ್ಚ್ ತಿಂಗಳೆಂದರೆ ಒಂದು ಬಗೆಯ ಯುಗಾದಿ. ವರ್ಷದ ಕೆಲವೇ ತಿಂಗಳಿಗೆ ಸಲ್ಲುವ ನಂಬರ್ ಪ್ಲೇಟು ಮಾಡಿಸಿಕೊಂಡವರ ಗಾಡಿಗಳು ನವೆಂಬರಿನಿಂದ ನೆಲಮಾಳಿಗೆಗಳಲ್ಲಿ ಮಲಗಿದ್ದು ಈಗ ಒಂದೊಂದಾಗಿ ಹೊರಬರುತ್ತವೆ. ನಮ್ಮ ಸಂಘದ ಆರೇಳು ಮನೆಗಳಲ್ಲಿಯೂ ಈಚೆಗೆ ಬೈಕುಗಳು ಸೇರಿಕೊಂಡಿವೆ. ಹೊಸದಾಗಿ ಈ ದೇಶಕ್ಕೆ ಬಂದ ಕುಟುಂಬಗಳಿಗೆ ಆರೋಗ್ಯದ ವಿಷಯದಲ್ಲಿ ನೆರವಾಗಲೆಂದು ಸಂಘವು ನಮ್ಮ ಮನೆಯ ದೂರವಾಣಿ ಸಂಖ್ಯೆಯನ್ನು ಸದಸ್ಯರಿಗೆ ಕೊಟ್ಟಿರುವುದು ತಮಗೆಲ್ಲ ತಿಳಿದೇ ಇದೆ. ಬರುವ ಕರೆಗಳಲ್ಲಿ ಮಗುವಿನ ಜ್ವರ, ಲಸಿಕೆಯ ಪಟ್ಟಿ, ವಿಮೆಯ ಕಾಗದ ಇವೇ ಹೆಚ್ಚು. ಆದರೆ ಈ ತಿಂಗಳು ಬಂತೆಂದರೆ ಮಾತಿನ ಕೊನೆಗೆ ಒಂದು ಉಪಪ್ರಶ್ನೆಯೂ ಸೇರಿಕೊಳ್ಳುತ್ತದೆ: "ಡಾಕ್ಟ್ರೇ, ಬೈಕಿಗೆ ಫೋನ್ ಚಾರ್ಜರ್ ಹಾಕಿಸಬೇಕು. ಕರೆಂಟು ಎಲ್ಲಿಂದ ತೆಗೆದುಕೊಳ್ಳೋದು?"

ನಾವು ಎಂದರೆ ಮನೆಯ ಇಬ್ಬರು. ಒಬ್ಬರದು ವೈದ್ಯವೃತ್ತಿ, ಇನ್ನೊಬ್ಬರು ಶನಿವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವವರು. ಇಬ್ಬರಲ್ಲಿ ಯಾರೂ ವಿದ್ಯುತ್ ಶಾಸ್ತ್ರ ಓದಿದವರಲ್ಲ. ಆದರೂ ಕಳೆದ ಅಕ್ಟೋಬರಿನ ಒಂದು ಸಂಜೆಯ ಬಳಿಕ ಈ ಪ್ರಶ್ನೆಯನ್ನು ಹಗುರವಾಗಿ ಕಾಣುವುದು ನಮ್ಮಿಂದ ಸಾಧ್ಯವಾಗಿಲ್ಲ. ಕೇಳಿದವರಿಗೆಲ್ಲ ದೂರವಾಣಿಯಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಒಮ್ಮೆ ಕೂತು ಪೂರ್ತಿಯಾಗಿ ಬರೆಯುವುದು ಮೇಲೆಂದು ಈ ಲೇಖನ.

ಮೊದಲು ಹೆಸರುಗಳನ್ನು ತಿಳಿದುಕೊಳ್ಳೋಣ. ಗಾಡಿಯಲ್ಲಿ ಎರಡು ಬಗೆಯ ವಿದ್ಯುತ್ತು ದೊರೆಯುತ್ತದೆ. ಒಂದು, ಬ್ಯಾಟರಿಯಿಂದ ನೇರವಾಗಿ ಬರುವಂಥದು. ಕೀಲಿ ಜೇಬಿನಲ್ಲಿದ್ದರೂ ಅದು ಹರಿಯುತ್ತಲೇ ಇರುತ್ತದೆ. ಇದಕ್ಕೆ ಇಲ್ಲಿನವರು 'ಡವರ್‌ಪ್ಲುಸ್' ಎನ್ನುತ್ತಾರೆ. ಸದಾ ಇರುವ ಧನವೆಂದು ಅರ್ಥ. ಇನ್ನೊಂದು, ಕೀಲಿ ತಿರುಗಿಸಿದಾಗ ಬಂದು, ತೆಗೆದಾಗ ನಿಲ್ಲುವಂಥದು. ಇದು 'ತ್ಸ್ಯುಂಡುಂಗ್ಸ್‌ಪ್ಲುಸ್'. ಹೆಸರು ನಾಲಿಗೆಗೆ ಕಷ್ಟ, ಅರ್ಥ ಸುಲಭ: ಕೀಲಿಯ ಮಾತು ಕೇಳುವ ವಿದ್ಯುತ್ತು. ವಾಹನಗಳ ತಂತಿತುದಿಗಳಿಗೆ ಜರ್ಮನ್ ಮಾನಕ ಡಿಐಎನ್ 72552 ಒಂದೊಂದು ಸಂಖ್ಯೆಯನ್ನು ನಿಗದಿಪಡಿಸಿದೆ. ನೇರ ಬ್ಯಾಟರಿಗೆ 30, ಕೀಲಿಗೆ ಅಧೀನವಾದದ್ದಕ್ಕೆ 15, ಋಣಕ್ಕೆ 31, ಹಿಂದಿನ ದೀಪಕ್ಕೆ 58, ಬ್ರೇಕ್ ದೀಪಕ್ಕೆ 54. ಯಾವ ಕಾರ್ಯಾಗಾರಕ್ಕೆ ಹೋಗಿ "ಹದಿನೈದು" ಎಂದರೂ ಅವರಿಗೆ ಅರ್ಥವಾಗುತ್ತದೆ. ಜರ್ಮನ್ ಭಾಷೆ ಇನ್ನೂ ಹಿಡಿತಕ್ಕೆ ಬಾರದ ನಮ್ಮಂಥವರಿಗೆ ಇದು ಸಣ್ಣ ಉಪಕಾರವಲ್ಲ.

ನಾವು ವಾಸಿಸುವ ಈ ಸೀಮೆಗೂ ಈ ವಿಷಯಕ್ಕೂ ಹಳೆಯ ನಂಟಿದೆ. ಗಾಟ್‌ಲೀಬ್ ಡೈಮ್ಲರ್ ಹಾಗೂ ವಿಲ್ಹೆಲ್ಮ್ ಮೈಬಾಖ್ ಅವರು ಪೆಟ್ರೋಲ್ ಎಂಜಿನ್ನಿನ ಮೊದಲ ದ್ವಿಚಕ್ರಿಯನ್ನು 1885ರಲ್ಲಿ ನಿರ್ಮಿಸಿದ್ದು ಇಲ್ಲಿಯ ಕಾನ್‌ಷ್ಟಾಟ್‌ನಲ್ಲಿ. ಆ ಗಾಡಿಯಲ್ಲಿ ವಿದ್ಯುತ್ತು ಎಂಬುದೇ ಇರಲಿಲ್ಲ. ಸಣ್ಣ ಜ್ವಾಲೆಯಿಂದ ಕಾಯಿಸಿದ ನಳಿಕೆಯೊಂದು ಎಂಜಿನ್ನಿನೊಳಗೆ ಕಿಡಿಯ ಕೆಲಸವನ್ನು ಮಾಡುತ್ತಿತ್ತು. ಮರುವರ್ಷ, 1886ರಲ್ಲಿ, ರಾಬರ್ಟ್ ಬಾಷ್ ಸ್ಟುಟ್‌ಗಾರ್ಟ್‌ನಲ್ಲಿ ತಮ್ಮ ಕಾರ್ಯಾಗಾರ ತೆರೆದರು. ಅಲ್ಲಿಂದಲೇ 1902ರಲ್ಲಿ ಸ್ಪಾರ್ಕ್ ಪ್ಲಗ್ಗಿನೊಡನೆ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಹೊರಬಂದಿತು. ಅದೇ ಸಂಸ್ಥೆಯ ಕೊಂಡಿಯಾಗಿ 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಮೈಕೋ. ಆಡುಗೋಡಿಯ ಆ ಕಾರ್ಖಾನೆಯ ಹೆಸರು ಗೊತ್ತಿಲ್ಲದ ಕನ್ನಡಿಗರು ನಮ್ಮ ಪೀಳಿಗೆಯಲ್ಲಿ ಇರಲಾರರು.

ನಮ್ಮ ತಂದೆಯವರು ಮೈಸೂರಿನಲ್ಲಿ ಓದುವಾಗ ಅಲ್ಲಿಯೇ ತಯಾರಾದ ಜಾವಾ ಓಡಿಸಿದವರು. ಆ ಗಾಡಿಯದು 6 ವೋಲ್ಟಿನ ಸಂಸಾರ. ಹೆಡ್‌ಲೈಟು, ಹಿಂದಿನ ದೀಪ, ಹಾರನ್ನು, ಕಿಡಿ. ಅಷ್ಟಕ್ಕೇ ಅದರ ವಿದ್ಯುತ್ತು ಮುಗಿಯಿತು. ಹೆಡ್‌ಲೈಟಿನ ನೆತ್ತಿಯ ಮೇಲೆ ಒತ್ತಿ ತಿರುಗಿಸುವ ಕೀಲಿ ಕಳೆದುಹೋದರೆ ಒಂದು ಮೊಳೆಯಿಂದಲೂ ಕೆಲಸ ನಡೆಯುತ್ತಿತ್ತೆಂದು ಅವರು ಇಂದಿಗೂ ನಗುತ್ತ ಹೇಳುತ್ತಾರೆ. ನಾವು ಗಾಡಿಗೆ ಸಾಕೆಟ್ ಹಾಕಿಸುವ ವಿಚಾರ ಎತ್ತಿದಾಗ ಅವರು ಕೇಳಿದ್ದು ಒಂದೇ: "ಗಾಡಿಗೆ ಬೇಕಾದ ಕರೆಂಟನ್ನ ನೀವು ತಿಂದ್ರೆ, ಗಾಡಿ ಏನು ತಿನ್ನುತ್ತೆ?" ತಮಾಷೆಯ ಮಾತೇ. ಆದರೆ ಈ ಲೇಖನದಲ್ಲಿ ನಾವು ಹೇಳಬೇಕಾದುದೆಲ್ಲ ಆ ಪ್ರಶ್ನೆಗೆ ಉತ್ತರ.

ನಮ್ಮ ಬೈಕು ಎರಡನೆಯ ಕೈಯದು. ಹಿಂದಿನ ಮಾಲೀಕರು ಹ್ಯಾಂಡಲ್ ಬಾರಿಗೆ ಒಂದು ಯುಎಸ್‌ಬಿ ಸಾಕೆಟ್ ಕೂಡಿಸಿ ಅದರ ತಂತಿಗಳನ್ನು ನೇರವಾಗಿ ಬ್ಯಾಟರಿಗೆ ಕಟ್ಟಿದ್ದರು. ನೋಡಲು ಚೆಂದದ ಸಾಕೆಟ್. ವೋಲ್ಟೇಜ್ ತೋರಿಸುವ ಪುಟ್ಟ ನೀಲಿ ಅಂಕಿಗಳು ಹಗಲಿರುಳು ಮಿನುಗುತ್ತಿದ್ದವು. ಮೊದಲ ಚಳಿಗಾಲ ಕಳೆದು ಕೀಲಿ ತಿರುಗಿಸಿದರೆ ಗಾಡಿಯಿಂದ ಬಂದುದು ಒಂದು ಟಿಕ್ ಶಬ್ದ ಮಾತ್ರ. ಮಲ್ಟಿಮೀಟರಿನಿಂದ ಅಳೆದಾಗ ಆ ಸಾಕೆಟ್ಟು ಸುಮ್ಮನಿದ್ದಾಗಲೂ 20 ಮಿಲಿಆಂಪಿಯರ್ ಕುಡಿಯುತ್ತಿದ್ದುದು ಕಂಡಿತು. ಕೇಳಲು ಅಲ್ಪ. ಆದರೆ ಲೆಕ್ಕ ಹಾಕಿ ನೋಡಿ: ದಿನಕ್ಕೆ 24 ಗಂಟೆಯಂತೆ ಅದು ಸುಮಾರು ಅರ್ಧ ಆಂಪಿಯರ್-ಗಂಟೆ. ನಮ್ಮ ಬ್ಯಾಟರಿಯ ಒಟ್ಟು ಸಾಮರ್ಥ್ಯ 12 ಆಂಪಿಯರ್-ಗಂಟೆ. ಇಪ್ಪತ್ತೈದು ದಿನಕ್ಕೆ ಪೂರ್ತಿ ಬರಿದು. ಚಳಿಯಲ್ಲಿ ಎಂಜಿನ್ ತಿರುಗಿಸಲು ಬೇಕಾದ ಕಸುವು ಅದಕ್ಕೂ ಬಹಳ ಮೊದಲೇ ಹೋಗಿರುತ್ತದೆ. ಹೀಗೆ ತಳ ಕಂಡ ಲೆಡ್-ಆಸಿಡ್ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತುಬಿಡುತ್ತದೆ. ಮತ್ತೆ ಚಾರ್ಜು ಮಾಡಿದರೂ ಮೊದಲಿನ ಶಕ್ತಿ ಮರಳುವುದಿಲ್ಲ. ಹೊಸದನ್ನು ಕೊಳ್ಳಬೇಕಾಯಿತು. (ಹಳೆಯದನ್ನು ಹಿಂದಿರುಗಿಸಿದರೆ 7.50 ಯೂರೋ ಠೇವಣಿ ಉಳಿಯುತ್ತದೆ, ಮರೆಯದಿರಿ.)

ಅದರ ಬಳಿಕ ಗಾಡಿಯನ್ನು ಒಂದು ಕಾರ್ಯಾಗಾರಕ್ಕೆ ಒಯ್ದು, ಸಾಕೆಟ್ಟುಗಳು ಕೀಲಿಗೆ ಅಧೀನವಾಗಿರಬೇಕೆಂದು ಕೇಳಿಕೊಂಡೆವು. ಫೋನಿಗೆ ಒಂದು, ಇಬ್ಬರ ಬಿಸಿ ಅಂಗಿಗಳಿಗೆ ಎರಡು. ಬಿಲ್ಲಿನಲ್ಲಿಯೂ ಹಾಗೆಯೇ ಬರೆದಿತ್ತು. ಬಿಸಿ ಅಂಗಿಯೆಂದರೆ ಜಾಕೆಟ್ಟಿನೊಳಗೆ ತೊಡುವ, ತಂತಿಯೆಳೆಗಳಿಂದ ಬೆಚ್ಚಗಾಗುವ ತೋಳಿಲ್ಲದ ಅಂಗಿ. ಕೆಲಸ ಅಂದವಾಗಿಯೇ ಕಂಡಿತು. ಕೀಲಿ ತೆಗೆದರೆ ಎಲ್ಲವೂ ನಿಲ್ಲುತ್ತಿತ್ತು. ಬೇಸಿಗೆಯಿಡೀ ಯಾವ ತೊಂದರೆಯೂ ಬರಲಿಲ್ಲ.

ಅಕ್ಟೋಬರಿನ ಕೊನೆಯ ಭಾನುವಾರ ಫ್ರೈಬುರ್ಗ್‌ನಲ್ಲಿ ಅಲ್ಲಿಯ ಕನ್ನಡ ಕುಟುಂಬಗಳಿಗಾಗಿ ಸಕ್ಕರೆ ಕಾಯಿಲೆಯ ಕುರಿತು ಒಂದು ಮಾತುಕತೆ ಇತ್ತು. ಅಲ್ಲಿರುವಾಗಲೇ ಊರಿನಿಂದ ಕರೆ ಬಂತು. ತಂದೆಯವರಿಗೆ ಏದುಸಿರು ಹೆಚ್ಚಾಗಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದರು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಚಿಕಿತ್ಸೆ ಆರಂಭವಾಗಿದೆ, ರಾತ್ರಿ ಹತ್ತಕ್ಕೆ ದೊಡ್ಡ ಡಾಕ್ಟರು ನೋಡುತ್ತಾರೆ, ಆಮೇಲೆ ಮಣಿಪಾಲಕ್ಕೆ ಸಾಗಿಸಬೇಕೋ ಬೇಡವೋ ನೀವೇ ಅವರ ಜೊತೆ ಮಾತಾಡಿ ಹೇಳಬೇಕು ಎಂದ ತಮ್ಮ. ಆ ವಾರದಿಂದಲೇ ಇಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಸರಿದು ಭಾರತಕ್ಕೂ ನಮಗೂ ನಾಲ್ಕೂವರೆ ಗಂಟೆಯ ಅಂತರವಾಗಿತ್ತು. ಅಲ್ಲಿಯ ಹತ್ತೆಂದರೆ ಇಲ್ಲಿಯ ಸಂಜೆ ಐದೂವರೆ. ಬೆಳಗಿನಿಂದ ಮಾತಾಡಿ ಒಂದು ಫೋನು ಆರಿಹೋಗಿತ್ತು. ಇನ್ನೊಂದರಲ್ಲಿ ಕಾಲು ಭಾಗ ಉಳಿದಿತ್ತು. ಗಾಡಿಯಲ್ಲಿ ಸಾಕೆಟ್ ಇದೆ, ಹೆಲ್ಮೆಟ್ಟಿನಲ್ಲಿ ಕರೆ ಕೇಳಿಸುತ್ತದೆ, ಕರೆ ಬಂದಾಗ ನಿಲ್ಲಿಸಿ ಮಾತಾಡಿದರಾಯಿತು ಎಂದು ಮನೆಯ ಕಡೆಗೆ ಹೊರಟೆವು.

ಕಿನ್‌ತ್ಸಿಗ್ ನದಿಯ ಕಣಿವೆಯಲ್ಲಿ ಹಾದಿ ನದಿಯ ಜೊತೆಗೇ ಬಳುಕುತ್ತ ಸಾಗುತ್ತದೆ. ಎರಡೂ ಕಡೆ ಕಪ್ಪು ಕಾಡು. ಶಿಲ್ಟಾಖ್ ದಾಟುವ ಹೊತ್ತಿಗೆ ಕತ್ತಲಾಗಿ ಸಣ್ಣ ಮಳೆಯೂ ಹಿಡಿಯಿತು. ಚಳಿ ತಾಳದೆ ಇಬ್ಬರೂ ಅಂಗಿಯ ಬಿಸಿಯನ್ನು ಪೂರ್ತಿ ಏರಿಸಿದೆವು. ಐದಾರು ನಿಮಿಷ ಹಿತವಾಗಿತ್ತು. ಆಮೇಲೆ ಬೆನ್ನು ತಣ್ಣಗಾಯಿತು. ಫೋನಿನ ಪರದೆಯ ಮೇಲಿದ್ದ ಚಾರ್ಜಿನ ಗುರುತು ಮಾಯವಾಗಿತ್ತು. 9 ಶೇಕಡಾ ಎಂದು ತೋರಿಸುತ್ತಿತ್ತು. ಹೆಡ್‌ಲೈಟು ಮಾತ್ರ ಎಂದಿನಂತೆ ದಾರಿ ಬೆಳಗುತ್ತಿತ್ತು. ಸಾಕೆಟ್ಟು ಕೈಕೊಟ್ಟಿತು, ಮುಂದಿನ ಊರಿನಲ್ಲಿ ನೋಡೋಣವೆಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಬಂದ ಕಾರೊಂದು ದೀಪ ಮಿನುಗಿಸುತ್ತ, ಹಾರನ್ ಮಾಡುತ್ತ, ನಮ್ಮ ಬೆನ್ನು ಬಿಡದೆ ಬರತೊಡಗಿತು. ಬಸ್ಸು ನಿಲ್ಲುವ ತಾವಿನಲ್ಲಿ ಪಕ್ಕಕ್ಕೆ ನಿಂತೆವು. ಇಳಿದು ಬಂದ ವೃದ್ಧ ಮಹಿಳೆಯೊಬ್ಬರು ನಡುಗುವ ದನಿಯಲ್ಲಿ ಹೇಳಿದರು: ನಿಮ್ಮ ಹಿಂದೆ ದೀಪವೇ ಇಲ್ಲ, ತಿರುವಿನಲ್ಲಿ ನೀವು ಕಾಣಲೇ ಇಲ್ಲ, ಇನ್ನು ಸ್ವಲ್ಪದರಲ್ಲಿ ಗುದ್ದಿಬಿಡುತ್ತಿದ್ದೆ.

ಆ ತಾಯಿ ಅಪಾಯದ ದೀಪಗಳನ್ನು ಹೊತ್ತಿಸಿಕೊಂಡು, ನಮ್ಮ ಹಿಂದೆಯೇ ನಿಧಾನವಾಗಿ ಬಂದು, ಮುಂದಿನ ಪೆಟ್ರೋಲ್ ಬಂಕಿನವರೆಗೆ ತಲುಪಿಸಿ ಹೋದರು. ಅಲ್ಲಿಯ ಬೆಳಕಿನಲ್ಲಿ ಸೀಟು ತೆಗೆದು ನೋಡಿದರೆ ಹಿಂದಿನ ದೀಪದ 10 ಆಂಪಿಯರ್ ಫ್ಯೂಸು ಸುಟ್ಟಿತ್ತು. ಬೆಳಗಿನಿಂದ ಸಾಕೆಟ್ಟಿನ ತಂತಿಯ ಜಾಡು ಹಿಡಿದು ಹೋದಾಗ ಎಲ್ಲವೂ ಸ್ಪಷ್ಟವಾಯಿತು. ಕೀಲಿಗೆ ಅಧೀನವಾದ ವಿದ್ಯುತ್ತು ಬೇಕೆಂದು ಕೇಳಿದ್ದಕ್ಕೆ ಕಾರ್ಯಾಗಾರದವರು ಸೀಟಿನಡಿ ಸುಲಭವಾಗಿ ಕೈಗೆ ಸಿಕ್ಕ ಹಿಂದಿನ ದೀಪದ ತಂತಿಯಿಂದಲೇ ಮೂರೂ ಸಾಕೆಟ್ಟಿಗೆ ಕವಲು ತೆಗೆದಿದ್ದರು. ಒಂದೊಂದು ಅಂಗಿಗೆ 60 ವ್ಯಾಟ್; 12 ವೋಲ್ಟಿಗೆ ಭಾಗಿಸಿದರೆ 5 ಆಂಪಿಯರ್. ಎರಡಕ್ಕೆ 10. ಫೋನಿಗೆ ಒಂದೂವರೆ. ದೀಪಗಳದು ಸುಮಾರು ಒಂದೂವರೆ. ಒಟ್ಟು 13 ಆಂಪಿಯರನ್ನು 10ರ ಫ್ಯೂಸು ಕೆಲವು ನಿಮಿಷ ತಾಳಿಕೊಂಡು ಪ್ರಾಣಬಿಟ್ಟಿತ್ತು. ಬೇಸಿಗೆಯಲ್ಲಿ ಫೋನು ಮಾತ್ರ ಇದ್ದುದರಿಂದ ಈ ದೋಷ ಬೆಳಕಿಗೆ ಬಂದಿರಲಿಲ್ಲ. ಫ್ಯೂಸು ತನ್ನ ಧರ್ಮವನ್ನೇ ಪಾಲಿಸಿತು. ಅದು ಸುಡದಿದ್ದರೆ ತಂತಿ ಸುಡುತ್ತಿತ್ತು. ಆದರೆ ನಮ್ಮ ಬೆಚ್ಚನೆಯ ಸುಖದ ಬೆಲೆಯನ್ನು ತೆತ್ತದ್ದು ನಮ್ಮನ್ನು ಹಿಂದಿನವರಿಗೆ ತೋರಿಸಬೇಕಾದ ದೀಪ.

ಫ್ಯೂಸ್ ಪೆಟ್ಟಿಗೆಯ ಮುಚ್ಚಳದಲ್ಲಿದ್ದ ಬದಲಿ ಫ್ಯೂಸು ಹಾಕಿ, ಸಾಕೆಟ್ಟಿನ ಕವಲನ್ನು ಕಳಚಿದ ಮೇಲೆ ದೀಪ ಬಂತು. ಬಂಕಿನ ಹುಡುಗ ತನ್ನ ಗಲ್ಲಾಪೆಟ್ಟಿಗೆಯ ಹಿಂದಿನ ಪ್ಲಗ್ಗಿನಲ್ಲಿ ನಮ್ಮ ಫೋನನ್ನು ಇರಿಸಿಕೊಟ್ಟ. ಕಾಫಿ ಯಂತ್ರದ ಪಕ್ಕದಲ್ಲಿ ನಿಂತಿರುವಾಗ ಕರೆ ಬಂತು. "ಅಕ್ಕಾ, ಭಾವಾ, ಇಬ್ಬರೂ ಕೇಳಿಸಿಕೊಳ್ಳಿ, ಡಾಕ್ಟರಿಗೆ ಕೊಡ್ತೀನಿ" ಎಂದ ತಮ್ಮ. ಉಸಿರಿನ ವೇಗ ಇಳಿದಿದೆಯೇ, ಇಂಜೆಕ್ಷನ್ನಿನ ಬಳಿಕ ಮೂತ್ರ ಎಷ್ಟು ಹೋಗಿದೆ, ಮುಖಕ್ಕೆ ಹಾಕಿದ ಮಾಸ್ಕನ್ನು ಸಹಿಸುತ್ತಿದ್ದಾರೆಯೇ, ರಕ್ತದೊತ್ತಡ ಎಷ್ಟು ಎಂದೆಲ್ಲ ಕೇಳಿ, ಅವರೊಡನೆ ಇಪ್ಪತ್ತು ನಿಮಿಷ ಚರ್ಚಿಸಿದೆವು. ಸುಧಾರಿಸುತ್ತಿರುವ ರೋಗಿಯನ್ನು ರಾತ್ರಿಯ ಹೊತ್ತಿನಲ್ಲಿ ಆಗುಂಬೆಯ ಘಾಟಿ ಇಳಿಸಿ ಒಯ್ಯುವುದಕ್ಕಿಂತ ಬೆಳಗಿನವರೆಗೆ ಅಲ್ಲಿಯೇ ನೋಡಿಕೊಳ್ಳುವುದು ಒಳ್ಳೆಯದೆಂದು ಎಲ್ಲರೂ ಒಪ್ಪಿದರು. ಬೆಳಗ್ಗೆ ಸಾಗಿಸುವ ಅಗತ್ಯವೇ ಬೀಳಲಿಲ್ಲ. ಒಂಬತ್ತನೆಯ ದಿನ ತಂದೆಯವರು ಮನೆಗೆ ಬಂದರು.

ದೂರದ ದೇಶದಲ್ಲಿರುವ ಮಕ್ಕಳಿಗೆ ಫೋನು ಎಂದರೆ ಏನೆಂಬುದನ್ನು ಈ ಪುಟದ ಓದುಗರಿಗೆ ವಿವರಿಸಬೇಕಿಲ್ಲ. ತಂದೆತಾಯಿಯ ಮಂಚದ ಪಕ್ಕದಲ್ಲಿ ನಾವು ನಿಲ್ಲುವುದು ಅದರ ಮೂಲಕವೇ. ಆದ್ದರಿಂದ ಅದಕ್ಕೆ ವಿದ್ಯುತ್ತು ಬೇಕೇ ಬೇಕು. ಬೆಚ್ಚಗಿನ ಅಂಗಿಯೂ ಬರಿಯ ವಿಲಾಸವಲ್ಲವೆಂದು ವೈದ್ಯರಾಗಿ ಹೇಳಬೇಕು. ಹೊರಗೆ 5 ಡಿಗ್ರಿ ಇದ್ದು ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಾಗುವಾಗ ಮುಚ್ಚದ ಚರ್ಮಕ್ಕೆ ತಾಗುವ ಚಳಿ, ಹವಾಮಾನ ಶಾಸ್ತ್ರದ ಸೂತ್ರದಂತೆ, ಸೊನ್ನೆಗಿಂತ 3 ಡಿಗ್ರಿ ಕೆಳಗಿನದಕ್ಕೆ ಸಮ. ದೇಹ ತಣ್ಣಗಾದಂತೆ ಅದು ಕೈಕಾಲುಗಳ ರಕ್ತನಾಳಗಳನ್ನು ಕುಗ್ಗಿಸಿ ಎದೆ ಹೊಟ್ಟೆಯ ಬಿಸಿಯನ್ನು ಕಾಯ್ದುಕೊಳ್ಳುತ್ತದೆ. ಬೆರಳುಗಳು ಮರಗಟ್ಟುತ್ತವೆ, ಬ್ರೇಕಿನ ಲಿವರಿನ ಹದ ತಿಳಿಯುವುದಿಲ್ಲ. ಮುಂಡವನ್ನು ಬೆಚ್ಚಗಿರಿಸಿದರೆ ಬೆರಳಿಗೂ ರಕ್ತ ಹೋಗುತ್ತದೆ. ಹೀಗಾಗಿ ಉಪಕರಣಗಳು ಬೇಡವೆಂಬುದು ನಮ್ಮ ವಾದವಲ್ಲ. ಅವು ಎಲ್ಲಿಂದ ಉಣ್ಣಬೇಕು, ಯಾರ ಅಪ್ಪಣೆ ಪಡೆಯಬೇಕು ಎಂಬುದಷ್ಟೇ ಪ್ರಶ್ನೆ.

ಉತ್ತರ ಒಂದೇ ವಾಕ್ಯದ್ದು. ಊಟ ಬ್ಯಾಟರಿಯಿಂದ, ಅಪ್ಪಣೆ ಕೀಲಿಯಿಂದ. ಈ ಎರಡನ್ನೂ ಬೆಸೆಯುವ ಸಾಧನವೇ ರಿಲೇ. ಕೆಲವೇ ಯೂರೋಗಳಿಗೆ ದೊರೆಯುವ ಈ ಪುಟ್ಟ ಡಬ್ಬಿಯೊಳಗೆ ಒಂದು ಸುರುಳಿಯೂ ಒಂದು ದೊಡ್ಡ ಸ್ವಿಚ್ಚೂ ಇವೆ. ಸುರುಳಿಗೆ ಅತ್ಯಲ್ಪ ವಿದ್ಯುತ್ತು, ಸುಮಾರು 0.15 ಆಂಪಿಯರ್, ಹರಿದರೆ ಅದು ಅಯಸ್ಕಾಂತವಾಗಿ ದೊಡ್ಡ ಸ್ವಿಚ್ಚನ್ನು ಮುಚ್ಚುತ್ತದೆ. ಇದರ ಕಾಲುಗಳಿಗೂ ಅದೇ ಜರ್ಮನ್ ಸಂಖ್ಯೆಗಳು. 30ಕ್ಕೆ ಬ್ಯಾಟರಿಯಿಂದ, ಫ್ಯೂಸಿನ ಮೂಲಕ, ದಪ್ಪ ತಂತಿ. 87ರಿಂದ ಉಪಕರಣಗಳಿಗೆ. 85 ಋಣಕ್ಕೆ. 86ಕ್ಕೆ ಕೀಲಿಗೆ ಅಧೀನವಾದ ತೆಳು ತಂತಿ. ಕೀಲಿ ತಿರುಗಿಸಿದಾಗ ತೆಳು ತಂತಿ ಅಪ್ಪಣೆ ಕೊಡುತ್ತದೆ. 13 ಆಂಪಿಯರಾಗಲಿ 3 ಆಂಪಿಯರಾಗಲಿ, ಹೊರೆಯೆಲ್ಲ ಬ್ಯಾಟರಿಯಿಂದ ಬರುತ್ತದೆ. ಕೀಲಿ ತೆಗೆದರೆ ಎಲ್ಲವೂ ಮೌನ. ಗಾಡಿಯ ದೀಪದ ತಂತಿಗೆ ಬೀಳುವ ಹೆಚ್ಚುವರಿ ಭಾರ ಒಂದು ಚಿಕ್ಕ ಬಲ್ಬಿನದೂ ಅಲ್ಲ.

ಇನ್ನು ಅಪ್ಪಣೆ ಕೊಡುವ ಆ ತೆಳು ತಂತಿಯನ್ನು ಹುಡುಕುವ ಬಗೆ. ಮೊದಲು ಗಾಡಿಯ ಕೈಪಿಡಿಯನ್ನು ತೆರೆದು ನೋಡಿ. ಅನೇಕ ತಯಾರಕರು ಸೀಟಿನಡಿಯಲ್ಲೋ ಹೆಡ್‌ಲೈಟಿನ ಹಿಂದೆಯೋ ಉಪಕರಣಗಳಿಗೆಂದೇ ಒಂದು ಎರಡು ಪಿನ್ನಿನ ಕನೆಕ್ಟರನ್ನು ಬಿಟ್ಟಿರುತ್ತಾರೆ. ನಮ್ಮ ಗಾಡಿಯಲ್ಲಿ ಅದು ಟೇಪಿನಲ್ಲಿ ಸುತ್ತಿಕೊಂಡು, ತಂತಿಗಳ ಗೊಂಚಲಿನ ನಡುವೆ ಅಡಗಿತ್ತು. ಅದು ದೊರೆತರೆ ಯಾವ ತಂತಿಯನ್ನೂ ಕತ್ತರಿಸಬೇಕಿಲ್ಲ.

ದೊರೆಯದಿದ್ದರೆ ಮಲ್ಟಿಮೀಟರು. ಅದನ್ನು 20 ವೋಲ್ಟ್ ಡಿಸಿಗೆ ಇರಿಸಿ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣತುದಿಗೆ ತಾಗಿಸಿ. ಮೊದಲು ಕೆಂಪು ಕಡ್ಡಿಯಿಂದ ಬ್ಯಾಟರಿಯನ್ನೇ ನೋಡಿಕೊಳ್ಳಿ: ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6ರಿಂದ 12.8 ತೋರಿಸುತ್ತದೆ, ಎಂಜಿನ್ ಓಡುವಾಗ 14ರ ಆಸುಪಾಸು. ಆಮೇಲೆ ಸಂಶಯದ ತಂತಿಯನ್ನು ನಾಲ್ಕು ಸಲ ಪರೀಕ್ಷಿಸಬೇಕು. ಕೀಲಿ ತೆಗೆದಾಗ ಸೊನ್ನೆ ಇರಬೇಕು. ಕೀಲಿ ತಿರುಗಿಸಿದಾಗ ಬ್ಯಾಟರಿಯಷ್ಟೇ ಇರಬೇಕು. ಮತ್ತೆ ಕೀಲಿ ತೆಗೆದು ಐದು ನಿಮಿಷ ಕಾದು ನೋಡಬೇಕು. ಕೆಲವು ಹೊಸ ಗಾಡಿಗಳಲ್ಲಿ ವಿದ್ಯುತ್ತು ಕೂಡಲೇ ನಿಲ್ಲದೆ ಸ್ವಲ್ಪ ಹೊತ್ತು ಉಳಿದಿರುತ್ತದೆ, ಅದು ದೋಷವಲ್ಲ. ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಕೀಲಿಯನ್ನು 'ಪಿ' ಗುರುತಿಗೆ ತಿರುಗಿಸಿ ನೋಡುವುದು. ರಸ್ತೆಬದಿಯಲ್ಲಿ ನಿಲ್ಲಿಸಿದಾಗ ಕೀಲಿ ತೆಗೆದರೂ ಹಿಂದಿನ ದೀಪ ಉರಿಯಲೆಂದು ಮಾಡಿದ ವ್ಯವಸ್ಥೆಯದು. ಹಿಂದಿನ ದೀಪದಿಂದ ಅಪ್ಪಣೆ ಪಡೆದರೆ ಈ 'ಪಿ' ಸ್ಥಿತಿಯಲ್ಲಿ ಉಪಕರಣಗಳೂ ಎಚ್ಚರವಾಗಿದ್ದು ಬ್ಯಾಟರಿಯನ್ನು ಬರಿದು ಮಾಡುತ್ತವೆ. ಅಂಥ ಗಾಡಿಗಳಲ್ಲಿ ಬ್ರೇಕ್ ಸ್ವಿಚ್ಚಿಗೆ ವಿದ್ಯುತ್ತು ತರುವ ತಂತಿ ಸಾಮಾನ್ಯವಾಗಿ ವಾಸಿ. ಅದು ಕೀಲಿಯೊಡನೆ ಬಂದು ಕೀಲಿಯೊಡನೆ ಹೋಗುತ್ತದೆ, 'ಪಿ'ಯಲ್ಲಿ ಇರುವುದಿಲ್ಲ. ಅದನ್ನೂ ಅಳೆದೇ ನಂಬಿ.

ಯಾವ ತಂತಿಯಿಂದ ಅಪ್ಪಣೆ ಪಡೆದರೂ ಆ ಕವಲಿನ ಬುಡದಲ್ಲಿಯೇ 1 ಅಥವಾ 2 ಆಂಪಿಯರಿನ ಪುಟ್ಟ ಫ್ಯೂಸೊಂದನ್ನು ಇರಿಸುವುದು ಅಗತ್ಯ. ಮುಂದೆಂದಾದರೂ ಆ ತೆಳು ತಂತಿ ಉಜ್ಜಿ ಹೋಗಿ ಚಾಸಿಗೆ ತಾಗಿದರೆ ಸುಡುವುದು ಆ ಪುಟ್ಟ ಫ್ಯೂಸು; ಗಾಡಿಯ ದೀಪದ ಫ್ಯೂಸಲ್ಲ.

ಕೈಯಿಡಲೇಬಾರದ ತಂತಿಗಳೂ ಇವೆ. ಇಗ್ನಿಷನ್ ಕಾಯಿಲ್, ಪೆಟ್ರೋಲ್ ಪಂಪು, ಎಬಿಎಸ್, ಎಂಜಿನ್ನಿನ ನಿಯಂತ್ರಣ ಪೆಟ್ಟಿಗೆ, ಸೆನ್ಸರುಗಳು. ಇವೆಲ್ಲವೂ ಕೀಲಿಗೆ ಅಧೀನವೇ, ಮೀಟರಿನಲ್ಲಿ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಅಲ್ಲಿ ಏನಾದರೂ ಕೆಟ್ಟರೆ ಓಡುವ ಗಾಡಿಯೇ ನಿಂತುಹೋಗುತ್ತದೆ. ಬಿಎಂಡಬ್ಲ್ಯೂ ಮೊದಲಾದವರ ಹೊಸ ಗಾಡಿಗಳಲ್ಲಿ ಕಂಪ್ಯೂಟರು ಪ್ರತಿಯೊಂದು ದೀಪದ ವಿದ್ಯುತ್ತನ್ನೂ ಗಮನಿಸುತ್ತಿರುತ್ತದೆ. ಅಲ್ಲಿ ಕವಲು ತೆಗೆದರೆ ದೋಷದ ಸೂಚನೆ ಬರಬಹುದು. ಅಂಥವರು ತಯಾರಕರೇ ಕೊಟ್ಟ ಸಾಕೆಟ್ಟಿನಿಂದ ಅಪ್ಪಣೆ ಪಡೆಯುವುದು ಕ್ಷೇಮ.

ಇನ್ನೊಂದು ಮಾತು, ನಮ್ಮ ವೃತ್ತಿಯ ಅನುಭವದಿಂದ. ಮಣಿಕಟ್ಟಿನಲ್ಲಿ ನಾಡಿ ಸಿಕ್ಕಿತೆಂದ ಮಾತ್ರಕ್ಕೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪುತ್ತಿದೆಯೆಂದು ವೈದ್ಯರು ನಿಶ್ಚಿಂತರಾಗುವುದಿಲ್ಲ. ಮೀಟರು 12 ವೋಲ್ಟ್ ತೋರಿಸಿತೆಂದ ಮಾತ್ರಕ್ಕೆ ತಂತಿ ಹೊರೆ ಹೊರುತ್ತದೆಯೆಂದೂ ಅಲ್ಲ. ತುಕ್ಕು ಹಿಡಿದ ಒಂದೇ ಎಳೆಯೂ ಮೀಟರಿಗೆ ಸಾಲುತ್ತದೆ. ಆದ್ದರಿಂದ ಜೋಡಣೆ ಮುಗಿದ ಮೇಲೆ ಎಂಜಿನ್ ಓಡಿಸಿ, ಎಲ್ಲ ಉಪಕರಣಗಳನ್ನೂ ಪೂರ್ತಿ ಏರಿಸಿ, ಸಾಕೆಟ್ಟಿನಲ್ಲಿ ಮತ್ತೆ ಅಳೆಯಿರಿ. ಬ್ಯಾಟರಿಯಲ್ಲಿ 14 ಇದ್ದು ಇಲ್ಲಿ 12ಕ್ಕಿಂತ ಕೆಳಗಿಳಿದರೆ ನಡುವೆ ಎಲ್ಲೋ ಸಡಿಲವೋ, ತುಕ್ಕೋ, ತೆಳು ತಂತಿಯೋ ಇದೆ. ಹಲ್ಲಿನಿಂದ ತಂತಿಯನ್ನು ಕಚ್ಚಿ ಹಿಡಿಯುವ ನೀಲಿ ಕ್ಲಿಪ್ಪುಗಳನ್ನು ಬಳಸಬೇಡಿ. ಎಳೆಗಳನ್ನು ಕಡಿಯುತ್ತವೆ, ಇಲ್ಲಿನ ಮಳೆಗೆ ಒಳಗೇ ಹಸಿರುಗಟ್ಟುತ್ತವೆ. ಬೆಸುಗೆ ಅಥವಾ ಗಟ್ಟಿಯಾಗಿ ಒತ್ತಿದ ಕನೆಕ್ಟರು, ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ ಇರಲಿ.

ಫ್ಯೂಸಿನ ಬಣ್ಣಗಳನ್ನು ಮನೆಯ ಮಕ್ಕಳಿಗೂ ಕಲಿಸಬಹುದು: ಕೆಂಪು 10, ನೀಲಿ 15, ಹಳದಿ 20. ಫ್ಯೂಸಿರುವುದು ಉಪಕರಣವನ್ನು ಕಾಯಲಲ್ಲ, ತಂತಿಯನ್ನು ಕಾಯಲು. ಆದ್ದರಿಂದ ಅದು ಬ್ಯಾಟರಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ನಮ್ಮ ಹೊರೆ 11.5 ಆಂಪಿಯರ್, 2.5 ಚದರ ಮಿಲಿಮೀಟರಿನ ತಂತಿಗೆ 15ರ ನೀಲಿ ಫ್ಯೂಸು ಹಾಕಿದ್ದೇವೆ. ಸುಟ್ಟರೆ ಹಳದಿಯದನ್ನು ಹಾಕಿ ಮುಂದುವರಿಯುವುದು ಪರಿಹಾರವಲ್ಲ. ಏಕೆ ಸುಟ್ಟಿತೆಂದು ಹುಡುಕಬೇಕು. ಕೆಲಸ ಆರಂಭಿಸುವಾಗ ಬ್ಯಾಟರಿಯ ಋಣತುದಿಯನ್ನು ಮೊದಲು ಕಳಚಿ, ಮುಗಿದಾಗ ಕೊನೆಯಲ್ಲಿ ಜೋಡಿಸಿ.

ತಂದೆಯವರ ಪ್ರಶ್ನೆಯೂ ಉಳಿಯಿತಲ್ಲ: ಗಾಡಿ ಏನು ತಿನ್ನುತ್ತದೆ? ಅದಕ್ಕೂ ಲೆಕ್ಕವಿದೆ. ಗಾಡಿಯ ಜನರೇಟರು ಎಷ್ಟು ವ್ಯಾಟ್ ಕೊಡುತ್ತದೆಂದು ಕೈಪಿಡಿಯಲ್ಲಿರುತ್ತದೆ. ನಮ್ಮದು ಸುಮಾರು 400. ಹೆಡ್‌ಲೈಟು, ಪಂಪು, ಕಿಡಿ, ಉಳಿದ ದೀಪಗಳು, ಬ್ಯಾಟರಿಯ ಚಾರ್ಜು ಇವೆಲ್ಲಕ್ಕೆ ಅದರಲ್ಲಿ ದೊಡ್ಡ ಪಾಲು ಬೇಕು. ಉಳಿದದ್ದರಲ್ಲಿ ನಮ್ಮ 138 ವ್ಯಾಟ್ ಹಿಡಿಸುತ್ತದೆ. ಆದರೆ ಆ 400 ದೊರೆಯುವುದು ಎಂಜಿನ್ ಚೆನ್ನಾಗಿ ತಿರುಗುವಾಗ ಮಾತ್ರ. ಸಿಗ್ನಲ್ಲಿನಲ್ಲಿ ನಿಂತಾಗ ಅದರಲ್ಲಿ ಬಹುಪಾಲು ಇಲ್ಲ. ಆದ್ದರಿಂದ ಊರೊಳಗಿನ ನಿಧಾನ ಸಂಚಾರದಲ್ಲಿ ಅಂಗಿಯ ಬಿಸಿಯನ್ನು ಇಳಿಸಿಕೊಳ್ಳುತ್ತೇವೆ. ಸಣ್ಣ ಗಾಡಿಯವರಿಗೆ ಇದು ಇನ್ನೂ ಮುಖ್ಯ. ಹೆಚ್ಚುವರಿ ದೀಪಗಳನ್ನು ಕೂಡಿಸುವವರು ಅವುಗಳ ಮೇಲೆ ಅನುಮೋದನೆಯ 'ಇ' ಗುರುತು ಇದೆಯೇ ಎಂದು ನೋಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆಯ ತಪಾಸಣೆಯಲ್ಲಿ ಕೇಳುತ್ತಾರೆ.

ಇದನ್ನೆಲ್ಲ ಎಲ್ಲರೂ ಸ್ವತಃ ಮಾಡಬೇಕೆಂದು ನಾವು ಹೇಳುತ್ತಿಲ್ಲ. ವಾರಂಟಿ ಇರುವ ಗಾಡಿಗಂತೂ ಕಾರ್ಯಾಗಾರವೇ ಸರಿ. ಆದರೆ ಅಲ್ಲಿ "ಕೀಲಿಗೆ ಅಧೀನವಾಗಿರಲಿ" ಎಂದಷ್ಟೇ ಹೇಳಿದರೆ ಸಾಲದು. ಪೂರ್ತಿ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಹೋಗಿ: "ತ್ಸ್ಯುಂಡುಂಗ್ಸ್‌ಪ್ಲುಸ್ ಯೂಬರ್ ರೆಲೇ, ಮಿಟ್ ಐಗೆನರ್ ಜಿಖರುಂಗ್." ಕೀಲಿಯ ವಿದ್ಯುತ್ತು, ರಿಲೇಯ ಮೂಲಕ, ಪ್ರತ್ಯೇಕ ಫ್ಯೂಸಿನೊಡನೆ ಎಂದರ್ಥ. ಕೆಲಸವಾದ ಮೇಲೆ ಆ ಫ್ಯೂಸನ್ನು ತೋರಿಸಲು ಕೇಳಿ. ಅದನ್ನು ಕಿತ್ತಾಗ ನಿಮ್ಮ ಸಾಕೆಟ್ಟು ಮಾತ್ರ ಆರಬೇಕು. ಹಿಂದಿನ ದೀಪ ಉರಿಯುತ್ತಲೇ ಇರಬೇಕು. ಈ ಪರೀಕ್ಷೆಗೆ ಒಂದು ನಿಮಿಷ ಸಾಕು, ವಿದ್ಯುತ್ ಶಾಸ್ತ್ರ ಬೇಕಿಲ್ಲ.

ಈ ತಿಂಗಳ ಕೊನೆಯ ಶನಿವಾರ ಕನ್ನಡ ತರಗತಿ ನಡೆಯುವಾಗ ನಾವು ಮಲ್ಟಿಮೀಟರು, ಒಂದು ಡಬ್ಬಿ ಫ್ಯೂಸು ಹಿಡಿದು ಶಾಲೆಯ ಪಾರ್ಕಿಂಗಿನಲ್ಲಿರುತ್ತೇವೆ. ಮಕ್ಕಳನ್ನು ಬಿಡಲು ಬೈಕಿನಲ್ಲಿ ಬರುವವರು ಸೀಟಿನ ಕೀಲಿಯನ್ನೂ ಗಾಡಿಯ ಕೈಪಿಡಿಯನ್ನೂ ಜೊತೆಗೆ ತನ್ನಿ.